ದೋ ಸೈಡಾ, ಚಾರ್ ಸೈಡಾ? ರಂಧಾ ಹೊಡೆದ ಹಲಗೆ ಕೊಳ್ಳುವ ಮುನ್ನ

ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಯಾವ ವಖಾರಿಗೆ, ಅಂದರೆ ಮರದ ದಾಸ್ತಾನು ಅಂಗಡಿಗೆ, ಹೋಗಿ ಹಲಗೆ ಕೇಳಿದರೂ, ಮರ ಯಾವುದು, ಅಳತೆ ಎಷ್ಟು ಎಂಬ ಮಾತು ಮುಗಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: "ರಂಧಾ ದೋ ಸೈಡ್ ಕಿ ಚಾರ್ ಸೈಡ್?" ಯಂತ್ರದ ಕೀಸುಳಿಯಲ್ಲಿ ಕೀಸಿ ನುಣುಪು ಮಾಡುವುದು ಎರಡು ಬದಿಯೋ, ನಾಲ್ಕೂ ಬದಿಯೋ ಎಂದು. ಮೊದಲ ಸಲ ಹೋದವರು ಸಾಮಾನ್ಯವಾಗಿ ನಾಲ್ಕೂ ಬದಿ ಎನ್ನುತ್ತಾರೆ. ಮನೆಯಲ್ಲಿ ಯಂತ್ರವಿಲ್ಲ, ಬಾಲ್ಕನಿಯಲ್ಲಿ ಹೊಟ್ಟು ಹಾರಿಸಿದರೆ ಪಕ್ಕದ ಮನೆಯವರು ಕೂಗಾಡುತ್ತಾರೆ, ಅಲ್ಲೇ ಎಲ್ಲ ಮುಗಿಸಿಕೊಂಡು ಬಂದರೆ ಒಳ್ಳೆಯದಲ್ಲವೆ ಎಂಬ ಎಣಿಕೆ.

ನಾನೂ ಹಾಗೇ ಅಂದಿದ್ದೆ. ಒಂದು ಆಗಸ್ಟಿನಲ್ಲಿ ನಾಲ್ಕೂ ಬದಿ ನುಣ್ಣಗೆ ಮಾಡಿಸಿದ, ಬೀಚ್ ಎಂಬ ಯುರೋಪಿನ ಮರದ ಹಲಗೆಗಳನ್ನು ಟೆಂಪೋದಲ್ಲಿ ತಂದು ಮರುದಿನವೇ ಪುಸ್ತಕದ ಕಪಾಟು ಜೋಡಿಸಲು ಕುಳಿತೆ. ಮುಂದಿನ ಮಾರ್ಚ್ ಹೊತ್ತಿಗೆ ಹಿಂಬದಿಯ ಹಲಗೆಗಳ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು ಬಿಟ್ಟಿತ್ತು. ಪಕ್ಕದ ಒಂದು ಹಲಗೆ ತಿರುಚಿಕೊಂಡು ಕಪಾಟಿನ ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತ್ತು. ನಮ್ಮ ಓಣಿಯಲ್ಲಿ ಹಾನಗಲ್ಲ ಕಡೆಯ ಒಬ್ಬ ಬಡಿಗ ಕಾಕಾ ಇದ್ದಾರೆ, ನಲವತ್ತು ವರ್ಷದಿಂದ ಪುಣೆಯಲ್ಲೇ ಕೆಲಸ. ಅವರನ್ನು ಕರೆದು ತೋರಿಸಿದೆ. ಹಲಗೆಯ ತಲೆಯನ್ನು, ಅಂದರೆ ಅಡ್ಡ ಕೊಯ್ದ ತುದಿಯನ್ನು, ಬೆರಳಿನಿಂದ ಸವರಿ ಅವರು ಕೇಳಿದ್ದು ಇಷ್ಟು: "ತಮ್ಮಾ, ನುಣ್ಣಗ ಐತಿ ಅಂತ ತಂದಿ. ಒಣಗೇತೋ ಇಲ್ಲೋ ನೋಡಿದೇನ? ನೆಟ್ಟಗ ಐತೋ ಇಲ್ಲೋ ನೋಡಿದೇನ?"

ಈ ಮೂರನ್ನು ಬೇರೆಬೇರೆಯಾಗಿ ನೋಡಲು ಕಲಿತ ಮೇಲೆ ನನ್ನ ಕೊಳ್ಳುವ ರೀತಿಯೇ ಬದಲಾಯಿತು. ನುಣುಪು, ನೆಟ್ಟಗಿರುವಿಕೆ, ಒಣಗುವಿಕೆ. ರಂಧಾ ಹೊಡೆಸಿದರೆ ಖಾತ್ರಿಯಾಗಿ ಸಿಗುವುದು ಮೊದಲನೆಯದು ಮಾತ್ರ. ಕೈಯಲ್ಲಿ ಒಂದು ಕೀಸುಳಿ, ಒಂದು ಗರಗಸ, ನಾಲ್ಕು ಕ್ಲಾಂಪು ಇಟ್ಟುಕೊಂಡು ಫ್ಲ್ಯಾಟಿನಲ್ಲಿ ಕೆಲಸ ಮಾಡುವವರಿಗೆ ನನ್ನ ಸಲಹೆ ಈಗಲೇ ಹೇಳಿಬಿಡುತ್ತೇನೆ: ಎರಡು ಮುಖ ಮತ್ತು ಒಂದು ಅಂಚು ಮಾಡಿಸಿ, ದಪ್ಪದಲ್ಲಿ ಸ್ವಲ್ಪ ಹೆಚ್ಚು ಉಳಿಸಿಕೊಳ್ಳಿ, ಮನೆಯಲ್ಲಿ ಮೂರು ವಾರ ಇಡಿ. ಉಳಿದ ಆಯ್ಕೆಗಳು ಯಾವಾಗ ಇದಕ್ಕಿಂತ ಮೇಲು, ಯಾವಾಗ ಹಣ ದಂಡ ಎನ್ನುವುದೇ ಮುಂದಿನ ಮಾತು.

ಮಶೀನು ಒತ್ತಿ ಹಿಡಿದು ಕೆತ್ತುತ್ತದೆ

ವಖಾರಿಯ ಹಿಂದೆ ಇರುವ ಯಂತ್ರಗಳು ಎರಡು ಬಗೆ. ಒಂದರಲ್ಲಿ ಉದ್ದನೆಯ ಕಬ್ಬಿಣದ ಮೇಜು, ಅದರ ನಡುವೆ ತಿರುಗುವ ಬ್ಲೇಡು. ಹಲಗೆಯನ್ನು ಕೈಯಿಂದ ಅದರ ಮೇಲೆ ಹಾಯಿಸುತ್ತಾರೆ, ಬ್ಲೇಡು ಕೆಳಗಿನಿಂದ ಕೆತ್ತುತ್ತದೆ. ಸೊಟ್ಟ ಹಲಗೆಯ ಉಬ್ಬಿದ ಜಾಗಗಳಷ್ಟೇ ಮೊದಲು ತಗುಲಿ, ನಾಲ್ಕೈದು ಸಲ ಹಾಯಿಸಿದ ಮೇಲೆ ಪೂರ್ತಿ ಸಮತಟ್ಟಾದ ಒಂದು ಮುಖ ಸಿಗುತ್ತದೆ. ಇನ್ನೊಂದು ಥಿಕ್‌ನೆಸರ್. ಇದರಲ್ಲಿ ಬ್ಲೇಡು ಮೇಲಿದೆ, ಕೆಳಗೆ ಮೇಜು, ನಡುವೆ ಹಲಗೆಯನ್ನು ಒತ್ತಿ ಎಳೆದುಕೊಳ್ಳುವ ರೋಲರುಗಳು. ಕೆಳಗಿನ ಮುಖ ಹೇಗಿದೆಯೋ ಅದಕ್ಕೆ ಸಮಾನಾಂತರವಾಗಿ ಮೇಲಿನ ಮುಖವನ್ನು ಕೆತ್ತುವುದು ಇದರ ಕೆಲಸ.

ತೊಂದರೆ ಇರುವುದು ಈ ರೋಲರುಗಳಲ್ಲಿ. ಬಿಲ್ಲಿನಂತೆ ಬಾಗಿದ ಹಲಗೆ ಒಳಗೆ ಹೋದಾಗ ಅವು ಅದನ್ನು ಮೇಜಿಗೆ ಒತ್ತಿ ಚಪ್ಪಟೆ ಮಾಡುತ್ತವೆ, ಆ ಸ್ಥಿತಿಯಲ್ಲಿ ಬ್ಲೇಡು ಕೆತ್ತುತ್ತದೆ, ಹೊರಗೆ ಬಂದು ಒತ್ತಡ ತಪ್ಪಿದೊಡನೆ ಹಲಗೆ ಮತ್ತೆ ಬಿಲ್ಲಾಗುತ್ತದೆ. ಬಿಲ್ಲು ಈಗ ನುಣುಪಾಗಿದೆ, ಅಷ್ಟೆ. ಕಾಕಾ ಇದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಒತ್ತಿ ಹಿಡಿದಾಗ ಯಾವ ಹಲಗೀನೂ ನೆಟ್ಟಗ ಇರತೈತಿ. ಬಿಟ್ಟ ಮ್ಯಾಲ ನೋಡು."

ಮೊದಲು ಮೊದಲ ಯಂತ್ರದಲ್ಲಿ ಒಂದು ಮುಖ ಸಮ ಮಾಡಿ, ಆಮೇಲೆ ಥಿಕ್‌ನೆಸರಿಗೆ ಕೊಟ್ಟರೆ ಈ ಸಮಸ್ಯೆ ಇಲ್ಲ. ಆದರೆ ಮೊದಲನೆಯದು ಕೈಕೆಲಸ, ಹೊತ್ತು ಹಿಡಿಯುತ್ತದೆ. "ದೋ ಸೈಡ್" ಅಂದಾಗ ಎಷ್ಟೋ ಕಡೆ ಎರಡೂ ಮುಖ ನೇರ ಥಿಕ್‌ನೆಸರಿಗೇ ಹೋಗುತ್ತವೆ. ಅದರಲ್ಲಿ ಮೋಸವೇನಿಲ್ಲ, ಕೇಳಿದ್ದನ್ನೇ ಕೊಟ್ಟಿದ್ದಾರೆ. ನಾವು ಕೇಳಬೇಕಾದ ಮಾತು ಬೇರೆ: "ಪೆಹಲೇ ಏಕ್ ಸೈಡ್ ಸೀಧಾ ಕರೋ, ಫಿರ್ ಮೋಟಾಯಿ ನಿಕಾಲೋ." ಮೊದಲು ಒಂದು ಮುಖ ಸಮ ಮಾಡಿ, ಆಮೇಲೆ ದಪ್ಪಕ್ಕೆ ತನ್ನಿ ಎಂದು. ಇದಕ್ಕೆ ಮಜೂರಿ ತುಸು ಹೆಚ್ಚು ಕೇಳಿದರೆ ಕೊಡಿ. ಹಲಗೆಗೆ ಹಾಕುವ ಹಣದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ ಎಂದು ನನ್ನ ಅನುಭವ.

ಸಿಗುವ ಸ್ಥಿತಿಗಳು

ಗರಗಸದಿಂದ ಇಳಿದ ಒರಟು ಹಲಗೆ ಎಲ್ಲಕ್ಕಿಂತ ಅಗ್ಗ. ಮೇಲೆ ಬ್ಯಾಂಡ್‌ಸಾ ಹಲ್ಲಿನ ಗೀರುಗಳು, ಧೂಳು, ಒಮ್ಮೊಮ್ಮೆ ಮಸಿಯ ಗುರುತು. ದಪ್ಪ ಪೂರ್ತಿ ಇರುವುದೇ ಇದರ ದೊಡ್ಡ ಗುಣ. ತಿರುಚಿದ್ದರೆ ಕೆತ್ತಿ ಸರಿಪಡಿಸಲು ಮರ ಉಳಿದಿರುತ್ತದೆ. ಕೊರತೆ ಎಂದರೆ ಒಳಗಿನ ಬಣ್ಣ, ಎಳೆ ಹೋದ ದಿಕ್ಕು, ಕೂದಲಿನಂಥ ಸೀಳು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಜೇಬಿನಲ್ಲಿ ಒಂದು ಸಣ್ಣ ಕೀಸುಳಿ ಇಟ್ಟುಕೊಂಡು ಹೋಗಿ, ಕೇಳಿಕೊಂಡು ಎರಡು ಇಂಚು ಜಾಗ ಕೀಸಿ ನೋಡಿದರೆ ಅರ್ಧ ಕತೆ ತಿಳಿಯುತ್ತದೆ. ನಾನು ಕೇಳಿದ ಯಾವ ವಖಾರಿಯಲ್ಲೂ ಬೇಡ ಅಂದಿಲ್ಲ. ಸ್ವಂತ ಯಂತ್ರ ಇದ್ದವರಿಗೆ, ಕೈ ಕೀಸುಳಿಯಲ್ಲಿ ನುರಿತವರಿಗೆ ಇದೇ ಸರಿ.

ಅರೆಬರೆ ರಂಧಾ ಎನ್ನುವುದೊಂದಿದೆ. ಒಂದೇ ಸಲ ತೆಳುವಾಗಿ ಹಾಯಿಸಿ, ಒರಟು ಅಲ್ಲಲ್ಲಿ ಉಳಿದಿರುವಂತೆಯೇ ಕೊಡುವುದು. ಇದು ಹೆಸರಿಟ್ಟು ಮಾರುವ ಮಾಲಲ್ಲ, ನಾವೇ ಹೇಳಿ ಮಾಡಿಸಿಕೊಳ್ಳಬೇಕು. ದುಬಾರಿ ಮರ ಕೊಳ್ಳುವಾಗ ನನಗೆ ಬಹಳ ಇಷ್ಟ. ಒಳಗೇನಿದೆ ಎಂದು ಕಾಣುತ್ತದೆ, ದಪ್ಪವೂ ಉಳಿಯುತ್ತದೆ.

ಎರಡು ಮುಖ ಮಾಡಿದ್ದು, ಅಂದರೆ ದೋ ಸೈಡ್. ಅಮೆರಿಕದಿಂದ ಬರುವ ಓಕ್, ಆ್ಯಶ್, ವಾಲ್‌ನಟ್ ಹಲಗೆಗಳ ಚೀಟಿಯಲ್ಲಿ ಇದನ್ನೇ ಎಸ್-2-ಎಸ್ ಎಂದು ಬರೆದಿರುತ್ತಾರೆ. ಮೊದಲ ಎಸ್ ಸರ್ಫೇಸ್ಡ್, ಕೊನೆಯದು ಸೈಡ್. ಎರಡೂ ಅಗಲ ಮುಖಗಳು ನುಣುಪು, ಅಂಚುಗಳು ಗರಗಸದಿಂದ ಬಂದಂತೆಯೇ. ಜೊತೆಗೆ ಒಂದು ಅಂಚನ್ನು ನೇರ ಮಾಡಿದರೆ ಮೂರು ಬದಿ. ಈ ನೇರ ಅಂಚೊಂದಿದ್ದರೆ ಉಳಿದ ಎಲ್ಲ ಗುರುತನ್ನೂ ಅದರಿಂದ ಹಾಕಬಹುದು. ಮೂಲೆಮಟ್ಟ ಇಡಲು, ಗೀಟು ಹೊಡೆಯಲು, ಎದುರು ಅಂಚನ್ನು ಸರ್ಕ್ಯುಲರ್ ಗರಗಸದಲ್ಲಿ ಕೊಯ್ಯಲು ಅದೇ ಆಧಾರ. ಅದಿಲ್ಲದೆ ಮನೆಯಲ್ಲಿ ಆರಡಿ ಉದ್ದದ ಮೊದಲ ನೇರ ಅಂಚು ತೆಗೆಯುವುದು ಎಷ್ಟು ಕಷ್ಟ ಎನ್ನುವುದು ತೆಗೆದವರಿಗೆ ಗೊತ್ತು.

ನಾಲ್ಕೂ ಬದಿ ಮಾಡಿದ್ದು ಎಸ್-4-ಎಸ್. ಅಗಲ, ದಪ್ಪ ಎರಡೂ ನಿಗದಿ. ಕತ್ತರಿಸಿ ಸ್ಕ್ರೂ ಹಾಕುವುದೊಂದೇ ಬಾಕಿ. ಮೂರಡಿಯೊಳಗಿನ ಶೆಲ್ಫು, ಫೋಟೋ ಚೌಕಟ್ಟು, ಗೂಟದ ಹಲಗೆ, ಮಕ್ಕಳ ಮೇಜಿನ ಕಾಲು, ಇಂಥವುಗಳಿಗೆ ಹೆಚ್ಚು ಯೋಚಿಸದೆ ಇದನ್ನೇ ಕೊಳ್ಳಿ. ದೊಡ್ಡ ಕೆಲಸಕ್ಕೆ ಬೇಡ ಎನ್ನಲು ಕಾರಣ ಸರಳ: ಯಂತ್ರದಿಂದ ಇಳಿದ ದಿನ ಅದು ಅಳತೆಗೆ ಸರಿಯಾಗಿತ್ತು, ಆಮೇಲೆ ಗೋಡೆಗೆ ಒರಗಿ ಎಷ್ಟು ದಿನ ನಿಂತಿದೆಯೋ ಅಷ್ಟು ಬಾಗಿದೆ. ಸರಿಪಡಿಸಲು ಈಗ ದಪ್ಪ ಉಳಿದಿಲ್ಲ. ಇನ್ನೊಂದು ಮಾತು, ಅಮೆರಿಕದ ಕಟ್ಟಡ ಕೆಲಸದ ಪೈನ್ ತುಂಡುಗಳ ನಾಲ್ಕೂ ಮೂಲೆ ದುಂಡಗಿರುತ್ತವೆ. ಅವನ್ನು ಪಕ್ಕಪಕ್ಕಕ್ಕೆ ಅಂಟಿಸಿ ಮೇಜಿನ ಮೇಲ್ಮೈ ಮಾಡಿದರೆ ಪ್ರತಿ ಸಂದಿನಲ್ಲೂ ಒಂದು ಕಾಲುವೆ ಬೀಳುತ್ತದೆ, ಅಂಚು ಮತ್ತೆ ಕೊಯ್ಯಲೇಬೇಕು.

ಕೊನೆಯದು ಚಿಕ್ಕ ತುಂಡುಗಳನ್ನು ಬೆರಳು ಹೆಣೆದಂತೆ ಕೂಡಿಸಿ ಅಂಟಿಸಿದ ಅಗಲ ಹಲಗೆ. ಕೇರಳದ ರಬ್ಬರ್ ಮರದ್ದು ಹೆಚ್ಚು, ಪೈನ್‌ದೂ ಸಿಗುತ್ತದೆ. ಪ್ಲೈವುಡ್ಡಿನಂತೆ ಎಂಟಡಿಗೆ ನಾಲ್ಕಡಿ ಹಾಳೆ. ಮರ ಅಪ್ಪಟವೇ, ಆದರೆ ತುಂಡುಗಳು ಚಿಕ್ಕವಾದ್ದರಿಂದ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಓದುವ ಮೇಜಿಗೆ, ಮನೆಯೊಳಗಿನ ಕಪಾಟಿಗೆ ಒಳ್ಳೆಯ ಆಯ್ಕೆ. ಅಡುಗೆಮನೆಯ ಸಿಂಕಿನ ಹತ್ತಿರ, ಮಳೆ ಬಡಿಯುವ ಬಾಲ್ಕನಿಯಲ್ಲಿ ಇಡಬೇಡಿ. ರಬ್ಬರ್ ಮರಕ್ಕೆ ಬೋರಾನ್ ಔಷಧಿ ಕೊಟ್ಟು ಹುಳ ತಡೆಯುತ್ತಾರೆ, ಆದರೆ ಬೋರಾನ್ ನೀರಿನಲ್ಲಿ ಕರಗಿ ಹೋಗುವಂಥದ್ದು.

ಕೊಟ್ಟ ದುಡ್ಡಿಗೆ ಎಷ್ಟು ಮರ ಮನೆಗೆ ಬರುತ್ತದೆ

ದರ ಘನ ಅಡಿಗೆ, ಅಂದರೆ ಸಿ.ಎಫ್.ಟಿ. ಲೆಕ್ಕ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಹಣ ಕೊಡುವುದು ಸಾಮಾನ್ಯವಾಗಿ ಒರಟು ಅಳತೆಗೆ. ರಂಧಾ ಹೊಡೆದ ಮೇಲೆ ಪ್ರತಿ ಮುಖದಲ್ಲಿ ಸುಮಾರು ಒಂದು ಸೂತ್, ನಮ್ಮ ಬಡಿಗರ ಮಾತಿನಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ಹೋಗುತ್ತದೆ. ಒಂದಿಂಚಿನ ಹಲಗೆ ಮುಕ್ಕಾಲು ಇಂಚಾಗುವುದು ಹೀಗೆ.

ಒಂದು ಉದಾಹರಣೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಕೆಲಸ ಮುಗಿದ ಮೇಲೆ ಒಂದಿಂಚು ದಪ್ಪ ಇರುವ ಮೇಜಿನ ಮೇಲ್ಮೈ ಬೇಕು. ಮುಗಿದ ಮರದ ಗಾತ್ರ 0.67 ಘನ ಅಡಿ. ಅದಕ್ಕೆ ಒಂದೂಕಾಲು ಇಂಚು ದಪ್ಪ, ಐದೂವರೆ ಇಂಚು ಅಗಲ, ನಾಲ್ಕಡಿ ಮೂರಿಂಚು ಉದ್ದದ ಐದು ಒರಟು ಹಲಗೆ ಬೇಕಾಗುತ್ತವೆ. ಅವುಗಳ ಗಾತ್ರ 1.01 ಘನ ಅಡಿ. ಮೂರರಲ್ಲೊಂದು ಪಾಲು ಹೊಟ್ಟು ಮತ್ತು ತುಂಡುಗಳಾಗಿ ಹೋಯಿತು. ಇದು ಯಾರ ತಪ್ಪೂ ಅಲ್ಲ, ಮರಗೆಲಸದ ಸ್ವಭಾವವೇ ಇಷ್ಟು. ಆದರೆ ಎರಡು ಅಂಗಡಿಯ ದರ ಹೋಲಿಸುವಾಗ, ಒಬ್ಬರು ಹೇಳಿದ ದರ ಒರಟು ಅಳತೆಗೋ, ಇನ್ನೊಬ್ಬರದು ಫಿನಿಶ್ ಅಳತೆಗೋ ಎಂದು ಕೇಳದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಬಿಲ್ಲಿನಲ್ಲಿ "ಫಿನಿಶ್ 1 ಇಂಚು" ಎಂದು ಬರೆಸಿಕೊಳ್ಳಿ.

ಹೊರದೇಶದ ಮಾಲಿಗೆ ಅದರದ್ದೇ ಭಾಷೆ. ಅಮೆರಿಕದ ಗಟ್ಟಿ ಮರಗಳ ದಪ್ಪವನ್ನು ಕಾಲು ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ. 4/4 ಅಂದರೆ ಒರಟಾಗಿದ್ದಾಗ ಒಂದಿಂಚು, ಎರಡು ಮುಖ ಕೀಸಿದ ಮೇಲೆ 13/16 ಇಂಚು. 8/4 ಅಂದರೆ ಎರಡಿಂಚು, ಕೀಸಿದ ಮೇಲೆ ಒಂದೂಮುಕ್ಕಾಲು. ಅವರ ಟೂ-ಬೈ-ಫೋರ್ ಪೈನ್ ತುಂಡು ನಿಜದಲ್ಲಿ ಒಂದೂವರೆ ಇಂಚಿಗೆ ಮೂರೂವರೆ, 38 ಮತ್ತು 89 ಮಿ.ಮೀ. ಯುರೋಪಿನ ಬೀಚ್ ಮಿಲಿಮೀಟರಿನಲ್ಲಿ, ಘನ ಮೀಟರಿನಲ್ಲಿ ಬರುತ್ತದೆ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. ಅಂತರ್ಜಾಲದಲ್ಲಿ ಸಿಕ್ಕ ಅಮೆರಿಕದ ನಕ್ಷೆ ಹಿಡಿದು ಕೆಲಸ ಮಾಡುವವರು ಇದನ್ನು ಮರೆತರೆ ಡ್ರಾಯರು ಗೂಡಿನೊಳಗೆ ಹೋಗುವುದಿಲ್ಲ.

ಇಲ್ಲಿ ಗಾಳಿಯೂ ಅಳತೆ ಬದಲಿಸುತ್ತದೆ

ಕಡಿದ ಮರ ಎಷ್ಟೇ ಹಳೆಯದಾಗಲಿ, ಸುತ್ತಲಿನ ಗಾಳಿಗೆ ತಕ್ಕಂತೆ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವ ಶೇ. 80ರ ಆಸುಪಾಸಿನಲ್ಲಿ ವಾರಗಟ್ಟಲೆ ನಿಂತರೆ ಮರದೊಳಗಿನ ತೇವ ಸುಮಾರು ಶೇ. 16ಕ್ಕೆ ಬಂದು ನಿಲ್ಲುತ್ತದೆ. ಗಾಳಿ ಶೇ. 40ಕ್ಕೆ ಇಳಿದರೆ ಮರ ಏಳೆಂಟಕ್ಕೆ ಇಳಿಯುತ್ತದೆ. ಮುಂಬೈಯಲ್ಲಿ, ಗೋವಾದಲ್ಲಿ ಸಮುದ್ರ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಗಾಳಿ ಒದ್ದೆ, ಏರಿಳಿತ ಕಡಿಮೆ. ಪುಣೆ ಹಾಗಲ್ಲ. ಘಟ್ಟದ ಮೇಲಿನ ಈ ಊರಿನಲ್ಲಿ ಜುಲೈ ತಿಂಗಳ ಗೋಡೆ ಬೆವರುತ್ತದೆ, ಏಪ್ರಿಲ್ ಮಧ್ಯಾಹ್ನ ತುಟಿ ಒಡೆಯುತ್ತದೆ. ಹಾಗಾಗಿ ಹಲಗೆ ಹಿಗ್ಗಿ ಕುಗ್ಗುವ ವಿಷಯದಲ್ಲಿ ನಮಗೆ ಪುಣೆಯೇ ಕಠಿಣ ಪರೀಕ್ಷೆ. ಐ.ಎಸ್. 287 ಎಂಬ ಭಾರತೀಯ ಮಾನಕ ದೇಶವನ್ನು ಗಾಳಿಯ ತೇವಕ್ಕೆ ತಕ್ಕಂತೆ ನಾಲ್ಕು ವಲಯ ಮಾಡಿ, ಯಾವ ಕೆಲಸದ ಮರದಲ್ಲಿ ಎಷ್ಟು ತೇವ ಇರಬಹುದು ಎಂದು ಬೇರೆಬೇರೆ ಮಿತಿ ಹಾಕಿರುವುದು ಇದಕ್ಕೇ.

ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಗಲಕ್ಕೆ ಕುಗ್ಗುವುದೇ ಪ್ರಶ್ನೆ, ಅದು ಮರದಿಂದ ಮರಕ್ಕೆ, ಕೊಯ್ದ ರೀತಿಯಿಂದ ರೀತಿಗೆ ಬದಲಾಗುತ್ತದೆ. ಹಲಗೆಯ ತಲೆ ನೋಡಿ. ವರ್ಷದ ಬಳೆಗಳು ಅಗಲ ಮುಖಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಹೆಚ್ಚು ಕುಗ್ಗುತ್ತದೆ, ನೆಟ್ಟಗೆ ನಿಂತಿದ್ದರೆ ಸುಮಾರು ಅರ್ಧ. ಒಂದಡಿ ಅಗಲದ ಹಲಗೆಯ ತೇವ ಶೇಕಡಾ ಲೆಕ್ಕದಲ್ಲಿ ಆರು ಅಂಶ ಇಳಿಯಿತು ಎಂದುಕೊಳ್ಳಿ. ಬಳೆ ಮಲಗಿರುವ ತೇಗ ಸುಮಾರು ಮೂರೂವರೆ ಮಿ.ಮೀ. ಕುಗ್ಗುತ್ತದೆ, ಬಳೆ ನಿಂತಿರುವ ತೇಗ ಎರಡು ಮಿ.ಮೀ.ಗೂ ಕಡಿಮೆ. ಬಳೆ ಮಲಗಿರುವ ಬೀಚ್ ಏಳು ಮಿ.ಮೀ.ಗಿಂತ ಹೆಚ್ಚು. ನನ್ನ ಕಪಾಟಿನ ಸಂದಿಗೆ ಉತ್ತರ ಈ ಲೆಕ್ಕದಲ್ಲೇ ಇತ್ತು. ಬೀಚ್ ಕೆಟ್ಟ ಮರವಲ್ಲ, ಗಟ್ಟಿ, ಎಳೆ ಒಂದೇ ಸಮ, ಕುರ್ಚಿಯ ಕಾಲಿಗೆ ಬಹಳ ಒಳ್ಳೆಯದು. ಅಗಲ ಹಲಗೆಯಾಗಿ, ಮಳೆಗಾಲದಲ್ಲಿ ಕೊಂಡು, ಮರುದಿನ ಬಿಗಿಯಾಗಿ ಜೋಡಿಸಿದ್ದು ಅದಕ್ಕೆ ಒಗ್ಗಲಿಲ್ಲ.

ಸಾಧ್ಯವಾದರೆ ಮರವನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಕೊಳ್ಳಿ. ಮಳೆಗಾಲದಲ್ಲೇ ಕೊಳ್ಳಬೇಕಾಗಿ ಬಂದರೆ ತೇವ ಅಳೆಯುವ ಮುಳ್ಳಿನ ಮೀಟರು ಇಟ್ಟುಕೊಂಡು ಹೋಗಿ. ತಲೆಯಲ್ಲಿ ಚುಚ್ಚಬೇಡಿ, ಅಲ್ಲಿ ಬೇಗ ಒಣಗಿರುತ್ತದೆ. ತಲೆಯಿಂದ ಒಂದಡಿ ಒಳಗೆ, ಎರಡೂ ಮುಖದಲ್ಲಿ ಚುಚ್ಚಿ. ಹನ್ನೆರಡರ ಸುತ್ತ ತೋರಿಸಿದರೆ ಪುಣೆಯ ಮನೆಯೊಳಗಿನ ಕೆಲಸಕ್ಕೆ ನನಗೆ ಸಮಾಧಾನ. ಹದಿನೆಂಟು ತೋರಿಸಿದರೆ ಎಷ್ಟೇ ನುಣುಪಿದ್ದರೂ ಬಿಟ್ಟು ಬರುತ್ತೇನೆ.

ಮರಗಳ ಬಗ್ಗೆ, ಚುಟುಕಾಗಿ

ತೇಗದಲ್ಲಿ ಊರ ಹೆಸರುಗಳಿಗೆ ಬೆಲೆ ಹೆಚ್ಚು. ಬರ್ಮಾ ತೇಗ ಎಂದು ಈಗಲೂ ಹೇಳಿ ಮಾರುತ್ತಾರೆ. ಮ್ಯಾನ್ಮಾರ್ ದೇಶ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿದೆ, ಕೊಯ್ದ ಮಾಲಿಗೆ ಮಾತ್ರ ದಾರಿ. ಆದ್ದರಿಂದ ಹೆಸರಿಗೆ ಹಣ ಕೊಡುವ ಮೊದಲು ಹಲಗೆಗೆ ಕಣ್ಣು ಕೊಡಿ. ಸಿ.ಪಿ. ತೇಗ ಎಂದರೆ ಬ್ರಿಟಿಷರ ಕಾಲದ ಸೆಂಟ್ರಲ್ ಪ್ರಾವಿನ್ಸಸ್, ಈಗಿನ ಮಧ್ಯಪ್ರದೇಶ ಮತ್ತು ವಿದರ್ಭದ ಕಡೆಯದು. ಬಲ್ಲಾರ್‌ಶಾ ಮಾಲೂ ಆ ಕಡೆಯದೇ. ನಮ್ಮ ದಾಂಡೇಲಿಯ ತೇಗ ಎಂದು ಯಾರಾದರೂ ಅಂದಾಗ ನನ್ನ ಮನಸ್ಸು ಅಲ್ಲಿಗೇ ಹೋಗುವುದು ನಿಜ, ಆದರೂ ತಲೆ ನೋಡದೆ ಕೊಳ್ಳುವುದಿಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕದ ತೋಟದ ತೇಗ ಅಗ್ಗ. ಎಳೆಯ ಮರವಾದ್ದರಿಂದ ದಿಮ್ಮಿ ಸಣ್ಣದು, ಗಂಟು ಹೆಚ್ಚು, ಚೇಗಿನ, ಅಂದರೆ ನಡುವಿನ ಗಟ್ಟಿ ಭಾಗದ, ಸುತ್ತ ಬಿಳಿಯ ಭಾಗ ಅಗಲ. ಆ ಬಿಳಿಯ ಭಾಗಕ್ಕೆ ತೇಗದ ಗುಣವಿಲ್ಲ, ಹುಳ ಹಿಡಿಯುತ್ತದೆ. ಹೊರಗೆ ಇಡುವ ಬೆಂಚಿಗೆ ಅದನ್ನು ಪೂರ್ತಿ ಕೊಯ್ದು ಹಾಕಿ. ಮನೆಯೊಳಗಿನ ಕಪಾಟಿನ ಹಿಂಬದಿಗೆ ಅಷ್ಟು ಬಿಗಿ ಬೇಕಿಲ್ಲ.

ತೇಗದ ಬಗ್ಗೆ ರಂಧಾಕ್ಕೆ ಸಂಬಂಧಿಸಿದ ಎರಡು ಮಾತು. ಅದರೊಳಗೆ ಮರಳಿನ ಅಂಶ ಇದೆ, ಬ್ಲೇಡು ಬೇಗ ಮೊಂಡಾಗುತ್ತದೆ. ಎಣ್ಣೆಯೂ ಇದೆ. ಕೀಸಿ ಬಹಳ ದಿನ ಬಿಟ್ಟರೆ ಆ ಎಣ್ಣೆ ಮೇಲೆ ಬಂದು ಫೆವಿಕಾಲ್ ಹಿಡಿಯುವುದು ಕಡಿಮೆಯಾಗುತ್ತದೆ. ಅಂಚು ಅಂಟಿಸುವ ದಿನವೇ ಕೈ ಕೀಸುಳಿಯಲ್ಲಿ ಒಂದು ಎಳೆ ತೆಗೆದು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಆಮೇಲೆ ಅಂಟು ಹಚ್ಚಿ. ನಾಲ್ಕೂ ಬದಿ ಮಾಡಿಸಿ ಎರಡು ತಿಂಗಳು ಇಟ್ಟ ತೇಗಕ್ಕೂ ಇದೇ ಮಾತು.

ಪೈನ್ ಹೆಚ್ಚಿನದು ಗುಜರಾತಿನ ಕಾಂಡ್ಲಾ ಬಂದರಿಗೆ ಬಂದು ಗಾಂಧಿಧಾಮದಲ್ಲಿ ಕೊಯ್ದು ಬರುತ್ತದೆ. ಪುಣೆಯಲ್ಲಿ ಚಾಕಣದ ಕಾರ್ಖಾನೆಗಳ ಪೆಟ್ಟಿಗೆ, ಪ್ಯಾಲೆಟ್ ಬಿಚ್ಚಿದ ಪೈನೂ ಧಾರಾಳ. ಅದರ ಮೇಲೆ "ಎಚ್‌ಟಿ" ಎಂಬ ಮುದ್ರೆ ನೋಡಿ ಒಣಗಿಸಿದ ಮರ ಎಂದು ತಿಳಿಯುವವರಿದ್ದಾರೆ. ಮರದ ನಡುಭಾಗ 56 ಡಿಗ್ರಿಗೆ ಬಂದು 30 ನಿಮಿಷ ಇರುವಂತೆ ಕಾಯಿಸಿ ಹುಳ ಕೊಂದಿದ್ದಾರೆ ಎಂದಷ್ಟೇ ಅದರ ಅರ್ಥ. ಒಳಗೆ ಹಸಿ ಇರಬಹುದು. "ಎಂಬಿ" ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಮನೆಯೊಳಕ್ಕೆ ತರಬೇಡಿ.

ಗೋವಾದಲ್ಲಿರುವವರಿಗೆ ಹಲಸು ಮತ್ತು ಮತ್ತಿ ಎರಡೂ ಹತ್ತಿರದ ಮರಗಳು, ಮತ್ತಿ ಆ ರಾಜ್ಯದ ಮರವೇ. ಹಲಸು ಕೀಸಿದ ದಿನ ಹಳದಿ, ವರ್ಷ ಕಳೆದಂತೆ ಜೇನಿನ ಕಂದು. ಮತ್ತಿ ಬಲು ಗಟ್ಟಿ, ಎಳೆ ಅಡ್ಡಾದಿಡ್ಡಿ. ಒಣಗಿಸುವಾಗ ಸೀಳುವ ಗುಣ ಇದೆ, ಆದ್ದರಿಂದ ಒರಟಾಗಿ ಕೊಂಡು ನಿಧಾನವಾಗಿ ಒಣಗಿಸುವ ತಾಳ್ಮೆ ಇದ್ದವರಿಗೆ ಮಾತ್ರ.

ಕೈಯಲ್ಲಿ ಹಿಡಿದು ನೋಡುವುದು

ರಂಧಾ ಹೊಡೆದ ಹಲಗೆಯನ್ನು ಮೊದಲೇ ಸವರಿ ನೋಡಬೇಡಿ, ಒಂದು ತಲೆ ನೆಲಕ್ಕಿಟ್ಟು ಇನ್ನೊಂದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಮುಖದ ಬಿಲ್ಲು ಕಾಣುತ್ತದೆ. ತಿರುಗಿಸಿ ಅಂಚು ನೋಡಿದರೆ ಕುಡುಗೋಲಿನಂತೆ ಬಾಗಿದ್ದು ಕಾಣುತ್ತದೆ. ತಿರುಚಿದ್ದು ಮಾತ್ರ ಹೀಗೆ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಎರಡು ನೇರ ಪಟ್ಟಿ ಬೇಕು, ಅಲ್ಯೂಮಿನಿಯಂ ಚೌಕದ ಎರಡು ತುಂಡು ಸಾಕು. ಹಲಗೆಯ ಎರಡು ತುದಿಯಲ್ಲಿ ಅಡ್ಡಲಾಗಿಟ್ಟು, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚು ನೋಡಿ. ಎರಡೂ ಗೆರೆ ಕೂಡಿದರೆ ಹಲಗೆ ಸಮ. ಒಂದು ಕಡೆ ಎದ್ದು ಇನ್ನೊಂದು ಕಡೆ ಇಳಿದರೆ ತಿರುಚಿದೆ. ಬಿಲ್ಲಾದ ಉದ್ದ ಹಲಗೆಯನ್ನು ಗಿಡ್ಡ ತುಂಡು ಮಾಡಿದರೆ ಬಾಗು ಬಹುತೇಕ ಮಾಯ. ಅಗಲದಲ್ಲಿ ದೋಣಿಯಂತೆ ಬಾಗಿದ್ದನ್ನು ಉದ್ದಕ್ಕೆ ಸೀಳಿ ಅಂಚು ಕೂಡಿಸಿ ಅಂಟಿಸಬಹುದು. ತಿರುಚಿದ್ದಕ್ಕೆ ಇಂಥ ಉಪಾಯವಿಲ್ಲ, ದಪ್ಪ ಕಳೆದುಕೊಂಡೇ ಸರಿಪಡಿಸಬೇಕು. ನಾನು ತಿರುಚಿದ ಹಲಗೆಯನ್ನು ಅಗ್ಗಕ್ಕೆ ಕೊಟ್ಟರೂ ತರುವುದಿಲ್ಲ.

ಈಗ ಕೈಯಿಂದ ಸವರಿ. ತಲೆಯಿಂದ ಎರಡು ಮೂರು ಇಂಚಿನಲ್ಲಿ ಒಂದು ಸಣ್ಣ ಗುಂಡಿ ಬೆರಳಿಗೆ ತಗುಲಿದರೆ, ಅದು ರೋಲರು ಹಿಡಿತ ಬಿಟ್ಟಾಗ ಬ್ಲೇಡು ಆಳಕ್ಕಿಳಿದ ಜಾಗ. ಅಷ್ಟನ್ನು ಕೊಯ್ದು ಎಸೆಯಬೇಕಾದ್ದರಿಂದ ಎರಡೂ ಕಡೆ ಮೂರು ಇಂಚು ಹೆಚ್ಚಿಗೆ ಕೊಳ್ಳಿ. ಉದ್ದಕ್ಕೆ ಒಂದೇ ಗೆರೆ ಉಬ್ಬಿದ್ದರೆ ಬ್ಲೇಡಿನ ಬಾಯಿ ಒಡೆದಿದೆ. ಕೈ ಕೀಸುಳಿಗೆ ಹೋಗುವಂಥದ್ದು, ಚಿಂತೆ ಇಲ್ಲ. ಗಂಟಿನ ಸುತ್ತ ಎಳೆ ಕಿತ್ತು ಬಂದಿದ್ದರೆ ಎಷ್ಟು ಆಳ ಎಂದು ಉಗುರಿನಿಂದ ನೋಡಿ. ಮೇಲ್ಮೈ ನುಣುಪಿಲ್ಲದೆ ಉಣ್ಣೆಯಂತೆ ಜುಂಗು ಎದ್ದಿದ್ದರೆ ಹಸಿ ಇದ್ದಾಗಲೇ ಕೀಸಿದ್ದಾರೆ ಎಂದು ಅನುಮಾನಿಸಿ. ತಿರುಳು, ಅಂದರೆ ಮರದ ನಡುವಿನ ಬಿಂದು, ಹಲಗೆಯ ತಲೆಯಲ್ಲಿ ಕಂಡರೆ ಬಿಡಿ. ಅಲ್ಲಿಂದಲೇ ಸೀಳುತ್ತದೆ.

ಯಾವ ಕೆಲಸಕ್ಕೆ ಯಾವುದು

ಡೊಂಬಿವಲಿಯಲ್ಲಿರುವ ನನ್ನ ಗೆಳೆಯನೊಬ್ಬ ಮಗಳ ಓದುವ ಮೇಜು ಮಾಡಬೇಕು, ಎರಡು ರವಿವಾರ ಸಮಯ ಇದೆ, ಡ್ರಿಲ್ಲು ಬಿಟ್ಟರೆ ಬೇರೇನಿಲ್ಲ ಎಂದು ಕೇಳಿದ. ರಬ್ಬರ್ ಮರದ ಹಾಳೆ, ಕಾಲಿಗೆ ನಾಲ್ಕೂ ಬದಿ ಕೀಸಿದ ಪೈನ್ ಎಂದೆ. ಮುಂಬೈಯಲ್ಲಿ ರೇ ರೋಡಿನ ಟಿಂಬರ್ ಅಂಗಡಿಗಳವರೆಗೆ ಹೋಗುವುದೂ ಬೇಕಾಗಲಿಲ್ಲ, ಹತ್ತಿರದ ಪ್ಲೈವುಡ್ ಅಂಗಡಿಯಲ್ಲೇ ಸಿಕ್ಕಿತು. ಅದೇ ಗೆಳೆಯ ಊಟದ ಮೇಜು ಮಾಡುತ್ತೇನೆ ಎಂದಿದ್ದರೆ ಉತ್ತರ ಬೇರೆ ಇರುತ್ತಿತ್ತು: ತೇಗ, ಎರಡು ಮುಖ, ಒಂದು ಅಂಚು, ದಪ್ಪ ಬೇಕಾದ್ದಕ್ಕಿಂತ ಎರಡು ಮಿ.ಮೀ. ಹೆಚ್ಚು.

ದೇವರ ಮಂಟಪದ ಕೆತ್ತನೆಗೆ ಒರಟು ಹಲಗೆಯೇ ವಾಸಿ, ಹೇಗೂ ಉಳಿ ಹಾಯುತ್ತದೆ. ಊಟದ ಮಣೆಗೆ, ಲಟ್ಟಣಿಗೆಯ ಮಣೆಗೆ ಒಂದೇ ಅಗಲ ತುಂಡು ಬೇಕು, ಬಳೆ ನಿಂತಿರುವುದನ್ನು ಹುಡುಕಿ, ಎರಡೂ ಮುಖದಿಂದ ಸಮವಾಗಿ ಕೀಸಿಸಿ. ಒಂದೇ ಮುಖದಿಂದ ಅರ್ಧ ಇಂಚು ತೆಗೆದರೆ ಒಳಗಿನ ತೇವ ಒಂದು ಬದಿ ಬಯಲಾಗಿ ವಾರದೊಳಗೆ ಮಣೆ ದೋಣಿಯಾಗುತ್ತದೆ. ಇದು ಎಲ್ಲ ಹಲಗೆಗೂ ಅನ್ವಯ, ಮಣೆಯಲ್ಲಿ ಬೇಗ ಕಾಣುತ್ತದೆ. ಕಿಟಕಿ ಬಾಗಿಲ ಚೌಕಟ್ಟಿಗೆ ನಾಲ್ಕು ಬದಿ ಮಾಡಿಸುವುದೇ ವಾಡಿಕೆ, ದಪ್ಪ ತೊಲೆಯಾದ್ದರಿಂದ ಅಷ್ಟು ಬೇಗ ಬಾಗುವುದಿಲ್ಲ. ಮಕ್ಕಳ ತೊಟ್ಟಿಲಿಗೆ ಮೂರು ಬದಿ, ಕೊನೆಯ ನುಣುಪು ಕೈಯಿಂದಲೇ ಆಗಲಿ, ಯಂತ್ರ ಬಿಟ್ಟ ಮೂಲೆಯ ಚೂಪು ಮಗುವಿನ ಕೈಗೆ ತಗುಲಬಾರದು.

ಹಲಗೆ ಮನೆಗೆ ಬಂದ ಮೇಲೆ ಗೋಡೆಗೆ ಒರಗಿಸಬೇಡಿ, ಹಾಸಿಗೆಯ ಕೆಳಗೆ ಒಂದರ ಮೇಲೊಂದು ಸಂದಿಲ್ಲದೆ ಪೇರಿಸಿಯೂ ಇಡಬೇಡಿ. ನೆಲದ ಮೇಲೆ ಒಂದೂವರೆ ಅಡಿಗೊಂದರಂತೆ ಒಂದೇ ದಪ್ಪದ ರೀಪು ಇಟ್ಟು, ಅದರ ಮೇಲೆ ಹಲಗೆ, ಮತ್ತೆ ಅದೇ ಜಾಗಕ್ಕೆ ಸರಿಯಾಗಿ ರೀಪು, ಮತ್ತೆ ಹಲಗೆ. ಎಲ್ಲ ಮುಖಕ್ಕೂ ಗಾಳಿ ತಗುಲಬೇಕು. ಮೇಲೆ ಭಾರಕ್ಕೆ ಅಕ್ಕಿ ಚೀಲ ಇಟ್ಟರೂ ಆಯಿತು. ಪ್ರತಿ ಹಲಗೆಯ ತಲೆಯ ಮೇಲೆ ತಂದ ದಿನಾಂಕ ಮತ್ತು ಆ ದಿನದ ಅಗಲವನ್ನು ಪೆನ್ಸಿಲಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅಗಲ ಅಳೆಯಿರಿ. ಎರಡು ವಾರ ಸತತವಾಗಿ ಅಂಕಿ ಬದಲಾಗದಿದ್ದರೆ ಗರಗಸ ತೆಗೆಯಿರಿ.